ಗುರುವಾರ ಟಿವಿ ಇರುವುದಿಲ್ಲ

ಏಪ್ರಿಲ್ 23, 1987, ಗುರುವಾರ

ಇವತ್ತು ಬೇಸಿಗೆಯ ಮೊದಲ ದಿನವೆಂದು ಕ್ಯಾಲೆಂಡರಿನಲ್ಲಿ ಕೆಂಪಕ್ಷರದಲ್ಲಿ ಬರೆದಿದೆ. ಹೊರಗೆ ಮೊಣಕಾಲುದ್ದ ಹಿಮ. ಐಸ್‌ಲ್ಯಾಂಡಿನಲ್ಲಿ ಕ್ಯಾಲೆಂಡರ್ ಮಾಡುವವನನ್ನು ಕಿಟಕಿ ಇಲ್ಲದ ಕೋಣೆಯಲ್ಲಿ ಕೂರಿಸಿರಬೇಕು.

ಆರು ವಾರವಾಯಿತು. ಮಾರ್ಚ್ ಹನ್ನೊಂದರ ಬುಧವಾರ ಬೆಳಗ್ಗೆ ನನ್ನ ಗಂಡ ಹಾಕೋನ್ ನಮ್ಮ ಮಗ ಬೆರ್ಗುರ್‌ನನ್ನು ದೋಣಿಯಲ್ಲಿ ಕರೆದುಕೊಂಡು ಹೋದ. ಮಧ್ಯಾಹ್ನ ಒಬ್ಬನೇ ಬಂದ. ತಾನಾಗಿ ಬರಲೂ ಇಲ್ಲ, ಬೇರೆ ದೋಣಿಯವರು ರಬ್ಬರ್ ತೆಪ್ಪದಿಂದ ಎತ್ತಿ ತಂದರು. ಬೆರ್ಗುರ್ ಸಿಗಲೇ ಇಲ್ಲ. ಹತ್ತೊಂಬತ್ತು ವರ್ಷದ ಹುಡುಗ. ಶವಪೆಟ್ಟಿಗೆ ಇಲ್ಲದೆಯೇ ಚರ್ಚಿನಲ್ಲಿ ಹಾಡು ಹೇಳಿ, ಎಲ್ಲರಿಗೂ ಕಾಫಿ ಕೊಟ್ಟು ಮುಗಿಸಿದೆವು.

ವಿಚಾರಣೆಗೆ ಬಂದ ಅಧಿಕಾರಿಯ ಮುಂದೆ ಹಾಕೋನ್ ಮೂರು ಮಾತು ಹೇಳಿದ. ಬಂಡೆಯ ಹತ್ತಿರ ಅಲೆ ಒಡೆಯಿತು. ದೋಣಿ ಮಗುಚಿತು. ಹುಡುಗ ಕಾಣಲಿಲ್ಲ. ನನಗೂ ಅದೇ ಮೂರು ಮಾತು. ಇಪ್ಪತ್ತೆರಡು ವರ್ಷ ಸಂಸಾರ ಮಾಡಿದವಳಿಗೂ ಫೈಲು ಹಿಡಿದು ಬಂದವನಿಗೂ ಒಂದೇ ಉತ್ತರ! ಆಮೇಲೆ ಬಾಯಿಗೆ ಬೀಗ ಹಾಕಿಕೊಂಡು ಟಿವಿಯ ಮುಂದೆ ಕೂತವನು ಇನ್ನೂ ಎದ್ದಿಲ್ಲ. ಸಂಜೆ ಕಾರ್ಯಕ್ರಮ ಶುರುವಾದಾಗಿನಿಂದ ಕಾರ್ಯಕ್ರಮಗಳ ಪಟ್ಟಿ ಓದುವ ಆ ಹೆಂಗಸು ಬಂದು ಶುಭರಾತ್ರಿ ಹೇಳುವ ತನಕ.

ಎರಡು ವರ್ಷದ ಹಿಂದಿನವರೆಗೆ ಈ ಮನೆಯಲ್ಲಿ ಟಿವಿ ಇರಲಿಲ್ಲ. ಊರಿಗೆಲ್ಲ ಬಂದರೂ ನಾನು ಹೊಸ್ತಿಲು ದಾಟಲು ಬಿಟ್ಟಿರಲಿಲ್ಲ. ಬೆರ್ಗುರ್ ಮೀನಿನ ಕಾರ್ಖಾನೆಯಲ್ಲಿ ದುಡಿದು ತಾನೇ ಹೊತ್ತು ತಂದ. ಈಗ ಅಪ್ಪ ಅದರ ಮುಂದೆ.

ದೇವರ ದಯೆ, ಗುರುವಾರ ಟಿವಿ ಇರುವುದಿಲ್ಲ. ಟಿವಿ ಶುರುವಾದಾಗಿನಿಂದ ವಾರಕ್ಕೊಂದು ದಿನ ಅದಕ್ಕೆ ರಜೆ. ರೇಕ್ಯಾವಿಕ್‌ನವರಿಗೆ ಈಗ ಎರಡನೆಯ ಚಾನೆಲ್ ಬಂದಿದೆಯಂತೆ. ನಮ್ಮ ಬೆಟ್ಟ ದಾಟಿ ಈ ಕೊಲ್ಲಿಗೆ ಅದು ಬರುವುದಿಲ್ಲ. ಇವತ್ತು ಸಂಜೆ ಹಾಕೋನ್ ದಿಕ್ಕು ತೋಚದೆ ಅಡುಗೆಮನೆಗೆ ಬಂದು ಕೂತ. ನಾನು ಏನೂ ಕೇಳಿರಲಿಲ್ಲ.

"ಅವ್ನು ಟೋಪಿ ಮರ್ತು ಬಂದಿದ್ದ," ಅಂದ.

ಅಷ್ಟೇ. ಆದರೂ ಅದು ನಾಲ್ಕನೆಯ ಮಾತು. ಗುರುವಾರಕ್ಕೊಂದರಂತೆ ಉಳಿದದ್ದನ್ನೂ ಇವನ ಬಾಯಿಂದ ಹೊರಡಿಸುತ್ತೇನೆ. ಆ ದೋಣಿಯಲ್ಲಿ ಏನಾಯಿತು, ನನ್ನ ಮಗ ಕೊನೆಗೆ ಏನೆಂದ, ಆ ಹವೆಯಲ್ಲಿ ಅವನನ್ನು ಯಾಕೆ ಕರೆದುಕೊಂಡು ಹೋದ, ಎಲ್ಲ ನನಗೆ ಬೇಕು. ಮರೆಯಬಾರದೆಂದೇ ಈ ನೋಟ್‌ಬುಕ್ ತಂದಿದ್ದೇನೆ.

ಏಪ್ರಿಲ್ 27, ಸೋಮವಾರ

ಟುಲಿಪ್ ಗಡ್ಡೆ ನೆಡುವುದು ಹೇಗೆಂದು ಡೆನ್ಮಾರ್ಕಿನ ಒಬ್ಬ ಬೋಳುತಲೆಯವನು ಮುಕ್ಕಾಲು ಗಂಟೆ ಹೇಳಿದ. ಹಾಕೋನ್ ಕಣ್ಣು ಮಿಟುಕಿಸದೆ ನೋಡಿದ. ಈ ಕೊಲ್ಲಿಯಲ್ಲಿ ಆಲೂಗಡ್ಡೆ ಬಂದರೆ ಪುಣ್ಯ. ನಾನು ಬಾಗಿಲಲ್ಲೇ ನಿಂತು ಸಮಾಚಾರ ಮಾತ್ರ ಕೇಳಿ ವಾಪಸು ಬಂದೆ.

ಮೇ 7, ಗುರುವಾರ

ಅವನಿಗೆ ಇಷ್ಟವೆಂದು ಮೀನಿನ ಉಂಡೆ ಮಾಡಿ, ಬೆಣ್ಣೆ ಕರಗಿಸಿ ಸುರಿದೆ. ಹೊಟ್ಟೆ ತುಂಬಿದರೆ ಬಾಯಿ ಬಿಡುತ್ತಾನೆಂದು ನನ್ನ ಲೆಕ್ಕ. ಸರಿಯಾಯಿತು.

"ಬೆಳಗ್ಗೆ ರೇಡಿಯೋಲಿ ಹವಾಮಾನ ಕೇಳ್ದೆ," ಅಂದ. "ಮಧ್ಯಾಹ್ನದ ಮೇಲೆ ಗಾಳಿ ಅಂತ ಇತ್ತು."

"ಗೊತ್ತಿದ್ದೂ ಹೋದ್ಯಾ?"

"ಹಿಂದಿನ ದಿನ ಗಾಳ ಬಿಟ್ಟಾಗಿತ್ತಲ್ಲ, ದೀಸಾ. ಹತ್ರದಲ್ಲೇ. ಎತ್ಕೊಂಡು ಹತ್ತು ಗಂಟೆಗೆ ವಾಪಸ್ ಬರೋದು ಅಂತ."

"ಗೊತ್ತಿದ್ದೂ ಹುಡುಗನ್ನ ಕರ್ಕೊಂಡು ಹೋದೆ."

ಅವನು ಎದ್ದು ಹೋಗಿ ಆರಿದ ಟಿವಿಯ ಮುಂದೆ ಕೂತ. ಬೂದು ಗಾಜನ್ನು ನೋಡುತ್ತ ಒಂದು ಗಂಟೆ!

ಸಿಕ್ಕಿಬಿದ್ದ. ಗೊತ್ತಿದ್ದೂ ಕರೆದುಕೊಂಡು ಹೋದ. ಎಷ್ಟೋ ದಿನದ ಮೇಲೆ ಇವತ್ತು ಪೂರ್ತಿ ಊಟ ಮಾಡಿದೆ.

ಮೇ 14, ಗುರುವಾರ

ಇವತ್ತು ಕೆಟ್ಟುಹೋಯಿತು. ಪಕ್ಕದ ಮನೆಯ ಲೋವಿಸಾ ಕೇಕ್ ಹಿಡಿದು ಬಂದಳು. ಕಾರ್ಖಾನೆಯಲ್ಲಿ ಇಡೀ ದಿನ ನನ್ನ ಪಕ್ಕದಲ್ಲೇ ನಿಲ್ಲುತ್ತಾಳೆ. ಇಬ್ಬರೂ ಕೆಳಗಿನಿಂದ ದೀಪ ಉರಿಯುವ ಗಾಜಿನ ಮೇಜಿನ ಮೇಲೆ ಮೀನಿನ ಹೋಳು ಹರಡಿ ಹುಳು ಆರಿಸುವವರು. ಅಲ್ಲಿ ಆಡಿದ ಮಾತು ಸಾಲದು, ಮನೆಗೂ ಬರಬೇಕು.

"ಬೇರೆ ದಿನ ಬರಬಾರದೇನೇ?" ಎಂದು ಕೇಳಿಯೇ ಬಿಟ್ಟೆ.

"ಗುರುವಾರ ಬಿಟ್ಟು ಯಾವತ್ತು ಬರ್ಲಿ ಮಾರಾಯ್ತಿ? ಉಳಿದ ದಿನ ನಿಮ್ಮನೇಲೂ ಟಿವಿ ಕಡೆ ಮುಖ, ನಮ್ಮನೇಲೂ ಟಿವಿ ಕಡೆ ಮುಖ. ನನ್ ಗಂಡನ ಮುಖ ಹೆಂಗಿದೆ ಅಂತ ನೋಡೋದೇ ಗುರುವಾರ. ನೋಡಿ ಬೇಜಾರಾಗಿ ಇಲ್ಲಿಗೆ ಬರ್ತೀನಿ."

ಹಾಕೋನ್ ಕೂಡ ನಕ್ಕ. ಮಗ ಸತ್ತ ಮೇಲೆ ನಗಲು ಇವನಿಗೆ ಬಾಯಾದರೂ ಹೇಗೆ ಬಂತು?

ಜೂನ್ 2, ಮಂಗಳವಾರ

ಸಮಾಚಾರದ ನಂತರ ಒಂದು ಪತ್ತೇದಾರಿ ಧಾರಾವಾಹಿ, ಜರ್ಮನ್ನರದು. ಮೊಣಕಾಲು ನೋಯುತ್ತಿತ್ತು, ಸೋಫಾದ ಕೈ ಮೇಲೆ ಒಂದು ನಿಮಿಷ ಕೂತೆ. ಔಷಧಿ ಅಂಗಡಿಯವನೇ ಕೊಂದಿರಬೇಕು, ಅವನ ಕಣ್ಣು ಸರಿಯಿಲ್ಲ.

ಜೂನ್ 18, ಗುರುವಾರ

ಬಿಸಿಲು. ಸಂಜೆ ಎಂಟಾದರೂ ಅಡುಗೆಮನೆಯ ನೆಲದ ತುಂಬ ಬೆಳಕು. ಹಾಕೋನ್ ಈಗ ಸಮುದ್ರಕ್ಕೆ ಹೋಗುವುದಿಲ್ಲ. ದಕ್ಕೆಯ ಶೆಡ್ಡಿನಲ್ಲಿ ಬೇರೆಯವರ ಗಾಳಗಳಿಗೆ ಮೀನಿನ ತುಂಡು ಚುಚ್ಚಿಕೊಡುತ್ತಾನೆ. ಬೆರಳೆಲ್ಲ ಗಾಯ. ಬಿಸಿನೀರಿನಲ್ಲಿ ಕೈ ಅದ್ದಿಕೊಂಡು ಕೂತಿದ್ದಾಗ ನಾನು ನೇರವಾಗಿ ಕೇಳಿದೆ.

"ಆ ಬೆಳಗ್ಗೆ ಅವನ್ನ ಎಬ್ಬಿಸಿದಾಗ ಅವ್ನು ಏನಂದ?"

"ನಾನು ಎಬ್ಬಿಸ್ಲಿಲ್ಲ, ದೀಸಾ."

"ಏನು?"

"ನಾನು ಎಬ್ಬಿಸ್ಲಿಲ್ಲ. ಮಲ್ಗಿರ್ಲಿ ಅಂತ ಬಿಟ್ಟು ಹೋದೆ. ಬಾಗ್ಲು ಸದ್ದಾಗಬಾರ್ದು ಅಂತ ಬೂಟ್ಸ್ ಕೈಯಲ್ಲಿ ಹಿಡ್ಕೊಂಡು ಹೋದೆ."

ನೀರು ತಣ್ಣಗಾಗಿತ್ತು. ಕೆಟಲ್‌ನಿಂದ ಇನ್ನಷ್ಟು ಬಿಸಿನೀರು ಹಾಕಿದೆ. ಈ ವಾರ ಬಂದ ಮೀನಿನಲ್ಲಿ ಹುಳು ವಿಪರೀತ. ಒಂದೊಂದು ಹೋಳಿಗೆ ಏಳೆಂಟು. ಕಣ್ಣು ಕಿತ್ತುಹೋಗುತ್ತದೆ.

ಜೂನ್ 25, ಗುರುವಾರ

ತಲೆನೋವು. ಬೇಗ ಮಲಗಿದೆ.

ಜುಲೈ 10, ಶುಕ್ರವಾರ

ಕಾರ್ಖಾನೆಯಲ್ಲಿ ಲೋವಿಸಾ ಕುಣಿದಾಡುತ್ತಿದ್ದಳು. ಅಕ್ಟೋಬರ್ ಒಂದರಿಂದ ಗುರುವಾರವೂ ಟಿವಿ ಬರುತ್ತದಂತೆ.

"ಇನ್ನು ಏಳು ದಿನವೂ ಕಣೇ! ಗಂಡನ ಮುಖ ನೋಡೋ ಕಷ್ಟ ತಪ್ತು!"

ಸಾಲಿನಲ್ಲಿದ್ದ ಹೆಂಗಸರೆಲ್ಲ ನಕ್ಕರು. ನಾನು ಕೈಯಲ್ಲಿದ್ದ ಚಾಕುವನ್ನು ಮೇಜಿನ ಮೇಲೆ ಕುಕ್ಕಿದೆ. ಮೊದಲು ಜುಲೈ ತಿಂಗಳು ಪೂರ್ತಿ ಟಿವಿಗೆ ರಜೆ ಇರುತ್ತಿತ್ತು. ಅದನ್ನು ಕಿತ್ತುಕೊಂಡು ನಾಲ್ಕು ವರ್ಷವಾಯಿತು. ಈಗ ಗುರುವಾರ. ಇವರಿಗೆ ಮನೆಗಳಲ್ಲಿ ಮಾತಾಡುವ ಜನ ಇದ್ದಾರೆಂಬುದು ಗೊತ್ತೇ ಇಲ್ಲವೇ? ಟಿವಿಯವರಿಗೆ ಒಂದು ಕಾಗದ ಬರೆಯುತ್ತೇನೆಂದು ಕೂತೆ. ಮಾನ್ಯರೇ ಎಂದು ಬರೆದೆ. ಮುಂದೆ ಏನು ಬರೆಯುವುದು? ನನ್ನ ಗಂಡ ಗುರುವಾರ ಮಾತ್ರ ಬಾಯಿಬಿಡುತ್ತಾನೆ, ಇನ್ನೂ ಅರ್ಧ ಹೇಳಿಲ್ಲ, ದಯವಿಟ್ಟು ಕಾಯಿರಿ ಎಂದೇ? ಹರಿದು ಒಲೆಗೆ ಹಾಕಿದೆ.

ಇನ್ನು ಹನ್ನೊಂದು ಗುರುವಾರ ಉಳಿದಿವೆ. ಅಷ್ಟರೊಳಗೆ ಅವನಿಂದ ಎಲ್ಲ ಹೇಳಿಸಬೇಕು.

ಜುಲೈ 23, ಗುರುವಾರ

ಕುರಿಮಾಂಸದ ಸಾರು ಮಾಡಿದ್ದೆ. ಬಡಿಸುವ ಮೊದಲೇ ಕೇಳಿದೆ, ತಡ ಮಾಡಿದರೆ ಧೈರ್ಯ ಹೋಗುತ್ತದೆಂದು.

"ನೀನು ಎಬ್ಬಿಸ್ದೇ ಇದ್ರೆ ಅವ್ನು ದೋಣಿಗೆ ಹೇಗ್ ಬಂದ?"

"ಹಗ್ಗ ಬಿಚ್ಚಿ ಆಗಿತ್ತು. ದಕ್ಕೆ ಮೇಲೆ ಓಡ್ ಬಂದ. ನಾನು ಬೇಡ ಅಂತ ಕೈ ಮಾಡ್ದೆ, ಮನೆಗೆ ಹೋಗು ಅಂತ ಕೂಗ್ದೆ. ಕೇಳ್ಲಿಲ್ಲ. ಹಾರೇ ಬಿಟ್ಟ."

"ಯಾಕೆ?"

ಹಾಕೋನ್ ನನ್ನ ಮುಖ ನೋಡಿದ. ತುಂಬ ಹೊತ್ತು ನೋಡಿದ. ಆ ನೋಟ ನನಗೆ ಹಿಡಿಸಲಿಲ್ಲ, ಅದರಲ್ಲಿ ಸಿಟ್ಟಿರಲಿಲ್ಲ.

"ಸಾರು ಉಕ್ತಿದೆ ನೋಡು, ದೀಸಾ," ಅಂದ.

ಸಾರು ಉಕ್ಕುತ್ತಿರಲಿಲ್ಲ. ಆದರೂ ಎದ್ದು ಹೋಗಿ ಉರಿ ಸಣ್ಣ ಮಾಡಿದೆ.

ಜುಲೈ 28, ಮಂಗಳವಾರ

ಕೊಂದದ್ದು ಔಷಧಿ ಅಂಗಡಿಯವನಲ್ಲ! ಅವನ ಹೆಂಡತಿ. ನನಗೆ ಒಂದು ವಾರದಿಂದ ಅನುಮಾನವಿತ್ತು. ಹಾಕೋನ್‌ಗೆ ಹೇಳಿದರೆ, "ನೀನು ಮೊದ್ಲಿಂದ ನೋಡಿದ್ಯಾ?" ಎಂದು ಕೇಳಿದ. ಏನು ನೋಡುವುದು, ಹೆಣೆಯಲು ಅಲ್ಲಿ ಬೆಳಕು ಚೆನ್ನಾಗಿದೆ ಎಂದು ಕೂರುತ್ತೇನೆ.

ಆಗಸ್ಟ್ 13, ಗುರುವಾರ

ಲೋವಿಸಾಳ ಜೊತೆ ಬೆಟ್ಟಕ್ಕೆ ಹಣ್ಣು ಆಯಲು ಹೋದೆ. ಈ ಸಲ ಬೇಗ ಮಾಗಿವೆ. ಬಿಟ್ಟರೆ ಹಕ್ಕಿಗಳ ಪಾಲು, ಕಾಯಲು ಆಗುತ್ತದೆಯೇ? ಎರಡು ಬಕೆಟ್ ತುಂಬ. ವಾಪಸು ಬಂದಾಗ ಹಾಕೋನ್ ಅಡುಗೆಮನೆಯ ಮೇಜಿನ ಮುಂದೆ ಕೂತಿದ್ದ. ಎರಡು ಲೋಟ ಇಟ್ಟಿದ್ದ. ಕಾಫಿ ಆರಿಹೋಗಿತ್ತು.

ಆಗಸ್ಟ್ 20, ಗುರುವಾರ

ಜಾಮ್ ಮಾಡಿದೆ. ಇಪ್ಪತ್ತಮೂರು ಬಾಟಲಿ. ಒಲೆಯ ಮುಂದಿನಿಂದ ಅಲುಗಾಡುವ ಹಾಗಿರಲಿಲ್ಲ.

ಆಗಸ್ಟ್ 27, ಗುರುವಾರ

ಲೋವಿಸಾಳ ಮನೆಗೆ ಜಾಮ್ ಕೊಡಲು ಹೋಗಿ ಅಲ್ಲೇ ತಡವಾಯಿತು.

"ಏನೇ, ಗುರುವಾರ ನೀನೇ ನಮ್ಮನೆಗೆ ಬರೋ ಹಾಗಾಯ್ತು!" ಅಂದಳು. ಆಮೇಲೆ ದನಿ ಇಳಿಸಿ, "ಹಾಕೋನ್ ಹೇಗಿದಾನೆ? ಶೆಡ್ಡಲ್ಲಿ ಯಾರ ಹತ್ರಾನೂ ಮಾತಿಲ್ವಂತೆ. ನಿನ್ ಹತ್ರನಾದ್ರೂ ಮಾತಾಡ್ತಾನಾ?"

"ಗುರುವಾರ ಮಾತಾಡ್ತಾನೆ," ಅಂದೆ.

ಲೋವಿಸಾ ಗೋಡೆಯ ಮೇಲಿನ ಕ್ಯಾಲೆಂಡರ್ ನೋಡಿದಳು, ನನ್ನನ್ನು ನೋಡಿದಳು. ಕೇಕಿನ ಇನ್ನೊಂದು ತುಂಡು ತಟ್ಟೆಗೆ ಹಾಕಿದಳು.

ಸೆಪ್ಟೆಂಬರ್ 9, ಬುಧವಾರ

ಆರು ತಿಂಗಳು. ಇದನ್ನು ಯಾರೂ ಓದುವುದಿಲ್ಲ, ಬರೆದುಬಿಡುತ್ತೇನೆ.

ಆ ಬೆಳಗ್ಗೆ ಹಾಕೋನ್ ಬೂಟ್ಸ್ ಕೈಯಲ್ಲಿ ಹಿಡಿದು ಹೋದರೂ ನನಗೆ ಎಚ್ಚರವಾಯಿತು. ಎದ್ದು ನೋಡಿದರೆ ಹುಡುಗ ಹಾಸಿಗೆಯಲ್ಲಿ. ಹಿಂದಿನ ಸಂಜೆಯೆಲ್ಲ ಟಿವಿಯ ಮುಂದೆ ಕಾಲು ಚಾಚಿಕೊಂಡು ಬಿದ್ದಿದ್ದ. ಚಳಿಗಾಲ ಪೂರ್ತಿ ಹಾಗೆಯೇ ಇದ್ದ. ನನಗೆ ಎಲ್ಲಿತ್ತೋ ಸಿಟ್ಟು. ಹೊದಿಕೆ ಕಿತ್ತು ಎಸೆದೆ.

"ನಿಮ್ಮಪ್ಪನಿಗೆ ಐವತ್ತೇಳು ವರ್ಷ. ಒಬ್ನೇ ಸಮುದ್ರಕ್ಕೆ ಹೋಗ್ತಿದಾನೆ. ಆ ಪೆಟ್ಟಿಗೆ ಮುಂದೆ ಬಿದ್ಕೊಂಡು ಬಿದ್ಕೊಂಡು ನೀನು ಯಾತಕ್ಕೂ ಬಾರ್ದೋನಾಗಿದೀಯ. ನಾಚ್ಕೆ ಆಗಲ್ವಾ ನಿಂಗೆ? ಇವತ್ತು ಹೋಗ್ಲಿಲ್ಲಾಂದ್ರೆ ಆ ಟಿವಿನೂ ಬೇಡ, ನೀನೂ ಬೇಡ ನಂಗೆ."

ಅವನು ಸ್ವೆಟರ್ ಹಾಕಿಕೊಂಡ. ಕಾಫಿ ಬೇಕಾ ಎಂದು ನಾನು ಕೇಳಲಿಲ್ಲ. ಓಡಿದ.

ಗಾಳಿಯ ವಿಷಯ ನನಗೆ ಗೊತ್ತಿರಲಿಲ್ಲ. ನಾನು ರೇಡಿಯೊ ಕೇಳಿರಲಿಲ್ಲ. ಗೊತ್ತಿರಲಿಲ್ಲ.

ಸೆಪ್ಟೆಂಬರ್ 10, ಗುರುವಾರ

ಹಾಕೋನ್ ಸಂಜೆ ನಾಲ್ಕಕ್ಕೇ ಬಂದ. ನಾನು ಇಸ್ತ್ರಿಗೆ ಕೂತೆ. ದಿಂಬಿನ ಚೀಲ, ಟವೆಲ್, ಅವನ ಕೆಲಸದ ಶರ್ಟುಗಳಿಗೂ ಇಸ್ತ್ರಿ ಮಾಡಿದೆ. ಅವನು ಎರಡು ಸಲ ಗಂಟಲು ಸರಿಮಾಡಿಕೊಂಡ.

ಸೆಪ್ಟೆಂಬರ್ 19, ಶನಿವಾರ

ಇಂಗ್ಲೆಂಡಿನವರ ಪ್ರಾಣಿಗಳ ಕಾರ್ಯಕ್ರಮ. ಮರುಭೂಮಿಯಲ್ಲಿ ಒಂದು ಜಾತಿಯ ಕಪ್ಪೆ ಇದೆಯಂತೆ, ಮಳೆ ಬರುವ ತನಕ ಮಣ್ಣಿನೊಳಗೆ ಸುಮ್ಮನೆ ಮಲಗಿರುತ್ತದಂತೆ, ವರ್ಷಗಟ್ಟಲೆ. ಎಷ್ಟು ಹಿತವಾಗಿತ್ತೆಂದರೆ ಮುಗಿದದ್ದೇ ತಿಳಿಯಲಿಲ್ಲ. ಹಾಕೋನ್ ನಡುವೆ ಎದ್ದು ಹೋಗಿದ್ದನಂತೆ, ಅದೂ ತಿಳಿಯಲಿಲ್ಲ.

ಸೆಪ್ಟೆಂಬರ್ 24, ಗುರುವಾರ

ಕೊನೆಯ ಗುರುವಾರ.

ತಪ್ಪಿಸಿಕೊಳ್ಳಲು ಏನೂ ಇರಲಿಲ್ಲ. ಹಣ್ಣು ಮುಗಿದಿದೆ, ಬಟ್ಟೆ ಮುಗಿದಿದೆ, ಲೋವಿಸಾಗೆ ಜ್ವರ. ಊಟವಾದ ಮೇಲೆ ಹಾಕೋನ್ ಏಳಲಿಲ್ಲ.

"ದೀಸಾ, ನೀನು ಬೇಸಿಗೆ ಪೂರ್ತಿ ಕೇಳ್ತಾ ಇದ್ದೆ. ಈಗ್ಯಾಕೆ ಕೇಳ್ತಿಲ್ಲ?"

"ಕೇಳಿದ್ದಕ್ಕೆಲ್ಲ ಹೇಳಿದ್ಯಲ್ಲ."

"ಹೇಳಿಲ್ಲ. ದೋಣೀಲಿ, ಗಾಳ ಎತ್ತೋವಾಗ, ಅವ್ನು ನಿನ್ ವಿಷ್ಯ ಮಾತಾಡ್ದ. ಮನೇಲಿ ಏನಾಯ್ತು ಅಂತಾನೂ ಹೇಳ್ದ."

ಹಾಗಾದರೆ ಇವನಿಗೆ ಮಾರ್ಚಿನಿಂದಲೂ ಗೊತ್ತು. ಕರೆದುಕೊಂಡು ಹೋದೆ, ಕೊಂದೆ ಎಂದು ನಾನು ಕಣ್ಣಲ್ಲಿ ಚುಚ್ಚಿದಾಗಲೆಲ್ಲ ಗೊತ್ತಿತ್ತು. ಅಧಿಕಾರಿಯ ಮುಂದೆ ಮೂರೇ ಮಾತು ಹೇಳಿದಾಗಲೂ ಗೊತ್ತಿತ್ತು. ಊರಿಗೆ ಊರೇ ಇವನತ್ತ ನೋಡಿದಾಗ ಬಾಯಿಬಿಡದೆ ಹೋಗಿ ಟುಲಿಪ್ ನೋಡುತ್ತ ಕೂತ.

"ಅವ್ನು ಒಂದ್ ಮಾತಂದ, ದೀಸಾ. ನಿಂಗೆ ಹೇಳ್ಬೇಕು ಅಂತ ಅಂದ್ಕೊಂಡೇ ಇದೀನಿ. ನಂಗೇ ಆಗ್ಲಿಲ್ಲ. ಈಗ ಹೇಳ್ಲಾ?"

ಒಳ್ಳೆಯ ಮಾತೋ ಕೆಟ್ಟ ಮಾತೋ ಅವನ ಮುಖದಿಂದ ತಿಳಿಯಲಿಲ್ಲ. ಇಪ್ಪತ್ತೆರಡು ವರ್ಷ ನೋಡಿದ ಮುಖ.

"ಪಾತ್ರೆ ಇದೆ," ಎಂದು ಎದ್ದೆ. ನಲ್ಲಿ ಪೂರ್ತಿ ತಿರುಗಿಸಿ, ಎರಡು ತಟ್ಟೆ ಎರಡು ಲೋಟವನ್ನು ಅರ್ಧ ಗಂಟೆ ತೊಳೆದೆ.

ಸೆಪ್ಟೆಂಬರ್ 30, ಬುಧವಾರ

ನಾಳೆಯ ಕಾರ್ಯಕ್ರಮಗಳನ್ನು ಟಿವಿಯ ಹೆಂಗಸು ಓದಿದಳು. ಹೊಸ ಕೆನ್ನೀಲಿ ಬ್ಲೌಸ್ ಹಾಕಿದ್ದಳು. ಮೊದಲ ಗುರುವಾರ ಎಂದು ನಗುತ್ತ ಹೇಳಿದಳು. ಪಟ್ಟಿಯನ್ನು ಪತ್ರಿಕೆಯಿಂದ ಕತ್ತರಿಸಿ ಇಟ್ಟುಕೊಂಡಿದ್ದೇನೆ.

ಅಕ್ಟೋಬರ್ 1, ಗುರುವಾರ

ಕಾರ್ಖಾನೆಯಿಂದ ಬೇಗ ಬಂದೆ. ಇಡೀ ಬೀದಿಯೇ ಬೇಗ ಮನೆ ಸೇರಿತ್ತು. ಊಟಕ್ಕೆ ಒಣಮೀನು ಬೆಣ್ಣೆ, ತಟ್ಟೆ ತೊಳೆಯುವ ಗೋಜಿಲ್ಲದ್ದು.

ಶುರುವಾಗಲು ಐದು ನಿಮಿಷವಿತ್ತು. ನಾನು ಹೋಗಿ ಸೋಫಾದಲ್ಲಿ ಕೂತೆ. ಹಾಕೋನ್ ಬಂದ. ತನ್ನ ಜಾಗದಲ್ಲಿ ಕೂರಲಿಲ್ಲ, ಸ್ಟೂಲು ಎಳೆದುಕೊಂಡು ನನ್ನೆದುರು ಕೂತ. ಗಡ್ಡ ತೆಗೆದಿದ್ದ. ಭಾನುವಾರದ ಶರ್ಟು ಹಾಕಿದ್ದ.

"ಇವತ್ತು ಟಿವಿ ಬೇಡ, ದೀಸಾ."

"ಮೊದಲ ಗುರುವಾರ ಕಣೋ. ಎಲ್ರೂ ನೋಡ್ತಿದಾರೆ."

"ನೋಡ್ಲಿ ಬಿಡು. ಇದನ್ನ ಒಳಗಿಟ್ಕೊಂಡು ಇನ್ನೊಂದು ಚಳಿಗಾಲ ಕಳಿಯೋಕೆ ನನ್ ಕೈಲಿ ಆಗಲ್ಲ. ಒಂದೇ ಒಂದ್ ಸಲ ಕೇಳ್ಬಿಡು. ಆಮೇಲೆ ಮತ್ತೆ ಎತ್ತಲ್ಲ. ದೇವ್ರಾಣೆ."

ನಾನು ಎದ್ದು ಟಿವಿ ಹಾಕಿದೆ. ಬಣ್ಣದ ಪಟ್ಟಿಗಳು ಬಂದವು, ಆಮೇಲೆ ಸಂಗೀತ. ಸದ್ದಿನ ಗುಂಡಿಯನ್ನು ತಿರುಗಿಸಿದೆ, ಅದು ಎಲ್ಲಿಯವರೆಗೆ ತಿರುಗುತ್ತದೋ ಅಲ್ಲಿಯವರೆಗೆ. ಕಪಾಟಿನ ಗಾಜು ಅದುರಿತು. ವಾಪಸು ಬಂದು ಕೂತೆ.

ಹಾಕೋನ್ ಒಂದು ಗಳಿಗೆ ತಲೆ ತಗ್ಗಿಸಿದ. ಎದ್ದು ಹೋಗುತ್ತಾನೆ ಅಂದುಕೊಂಡೆ. ಹೋಗಲಿಲ್ಲ. ಸ್ಟೂಲನ್ನು ಇನ್ನಷ್ಟು ಹತ್ತಿರ ಎಳೆದು, ನನ್ನ ಎರಡೂ ಕೈ ಹಿಡಿದುಕೊಂಡು ಹೇಳತೊಡಗಿದ. ಅವನ ತುಟಿ ಅಲುಗುವುದು ಕಾಣುತ್ತಿತ್ತು. ಅಷ್ಟು ಗದ್ದಲದಲ್ಲಿ ನನಗೆ ಕೇಳುತ್ತದೆಂದು ಹೇಗೆ ನಂಬಿದನೋ. ದೋಣಿಯ ಎಂಜಿನ್ನಿನ ಸದ್ದಿನ ನಡುವೆ ಮಾತಾಡಿ ರೂಢಿ ಅವನಿಗೆ. ನಾನು ಅವನ ಭುಜದ ಮೇಲಿನಿಂದ ಟಿವಿಯನ್ನೇ ನೋಡಿದೆ. ಕೆನ್ನೀಲಿ ಬ್ಲೌಸಿನವಳು ದೇಶಕ್ಕೆಲ್ಲ ಶುಭ ಕೋರುತ್ತಿದ್ದಳು. ಅವಳ ಒಂದೊಂದು ಮಾತನ್ನೂ ಗಟ್ಟಿಯಾಗಿ ಹಿಡಿದುಕೊಂಡೆ. ಹವಾಮಾನ, ಮೀನಿನ ಧಾರಣೆ, ಏಳೂವರೆಗೆ ಮಕ್ಕಳ ಕಾರ್ಯಕ್ರಮ, ಎಂಟಕ್ಕೆ ಸಮಾಚಾರ. ನನ್ನ ಕೈ ಮೇಲೆ ಏನೋ ಬಿಸಿಯಾಗಿ ಬಿತ್ತು. ಹಾಕೋನ್ ಅಳುತ್ತಿದ್ದ. ನಮ್ಮ ಮದುವೆಯಾದಾಗಿನಿಂದ ಅವನು ಅತ್ತದ್ದನ್ನು ನಾನು ನೋಡಿರಲಿಲ್ಲ. ಅಳುತ್ತ ಒಮ್ಮೆ ನಕ್ಕ, ಮಗನ ಹಾಗೆ ಕತ್ತು ಓರೆ ಮಾಡಿ ಏನೋ ಹೇಳಿ ತೋರಿಸಿದ.

ಮುಗಿಯಿತು. ಸದ್ದು ತಗ್ಗಿಸಲು ಅವನೇ ಎದ್ದ. ತಗ್ಗಿಸಿ, ತಿರುಗಿ ನನ್ನನ್ನು ನೋಡಿದ.

"ಕೇಳಿಸ್ತಾ?"

ಕೇಳಿಸಿತು ಎಂದೆ.

"ಹಾಗಂದ ಕಣೇ ಅವ್ನು," ಅಂದ. "ಅದೇ ಮಾತಲ್ಲಿ." ನನ್ನ ತಲೆ ಮೇಲೆ ಕೈಯಿಟ್ಟು, ಒಂದು ನಿಮಿಷ ಹಾಗೇ ನಿಂತು, ಮಲಗುತ್ತೇನೆಂದು ಒಳಗೆ ಹೋದ. ಎಂಟೂ ಆಗಿರಲಿಲ್ಲ. ಈಗಾಗಲೇ ಗೊರಕೆ ಕೇಳುತ್ತಿದೆ, ಮಾರ್ಚಿನ ನಂತರ ಇದೇ ಮೊದಲ ಸಲ. ಇನ್ನು ಅವನು ಅದನ್ನು ಹೇಳುವುದಿಲ್ಲ, ಆಣೆ ಹಾಕಿದ್ದಾನೆ. ಕೇಳಿಸಿತು ಎಂದಮೇಲೆ ನಾನು ಕೇಳುವ ಹಾಗೂ ಇಲ್ಲ.

ಸಮಾಚಾರ ಶುರುವಾಯಿತು.